ಬಾಗಿಲ ಮುಂದೆ ಬೆಂದ ಲಸಾನ್ಯ

ಒಬ್ಬಂಟಿ ಗಂಡಸಿಗೆ ಅಡುಗೆ ಬರುತ್ತದೆಯೇ ಎಂದು ಜನ ಕೇಳುತ್ತಾರೆ. ಅಡುಗೆ ಬರುತ್ತದೆ, ಬಾರದಿರುವುದು ಊಟ. ಅನ್ನ ಸಾರು ಮಾಡಿ ಇಳಿಸುವುದು ಅಂಥ ಕಷ್ಟದ ಕೆಲಸವಲ್ಲ. ಮಾಡಿದ್ದನ್ನು ಗೋಡೆಗೆ ಎದುರಾಗಿ ಕುಳಿತು ಒಬ್ಬನೇ ತಿನ್ನುವುದಿದೆಯಲ್ಲ, ಅದಕ್ಕೆ ಗಂಟಲು ಒಪ್ಪುವುದಿಲ್ಲ. ಉಪ್ಪು ಹೆಚ್ಚಾದರೆ ಬೈಯುವವರಿಲ್ಲ, ಹದವಾಗಿದ್ದರೆ ಇನ್ನೊಂದು ಸೌಟು ಬಡಿಸು ಎನ್ನುವವರಿಲ್ಲ. ನಾನು ಗುಮಾಸ್ತನಾಗಿ ಹೊಸದುರ್ಗದ ಒಂದು ಸಣ್ಣ ಕಚೇರಿಗೆ ವರ್ಗವಾಗಿ ಬರುವ ಹೊತ್ತಿಗೆ ಮದುವೆಯ ವಯಸ್ಸು ನನ್ನ ಕಡೆ ತಿರುಗಿಯೂ ನೋಡದೆ ಮುಂದೆ ಹೊರಟುಹೋಗಿತ್ತು. ವಾರವೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಊಟ. ಭಾನುವಾರ ಅದಕ್ಕೆ ರಜ. ಆ ದಿನ ಬೆಳಿಗ್ಗೆಯಿಂದ ಯಾರೊಡನೆಯೂ ಮಾತಿಲ್ಲದೆ ಕಳೆದು, ಸಂಜೆಯ ಹೊತ್ತಿಗೆ ದನಿ ಇನ್ನೂ ಇದೆಯೇ ಎಂದು ನೋಡಿಕೊಳ್ಳಲು ಸುಮ್ಮನೆ ಒಂದೆರಡು ಸಲ ಕೆಮ್ಮುತ್ತಿದ್ದೆ.

ನಾನಿದ್ದದ್ದು ಕಂಬಳಿ ವ್ಯಾಪಾರಿ ತಿಪ್ಪಣ್ಣನ ಮನೆಯ ಮುಂದಿನ ಕೋಣೆಯಲ್ಲಿ. ಒಂದೇ ಕೋಣೆ, ಬಾಗಿಲು ತೆರೆದರೆ ಬೀದಿ. ಹಿಂಬದಿಯ ಕೋಣೆಯಲ್ಲಿ ಅವನ ಉಣ್ಣೆಯ ಮೂಟೆಗಳು. ಮನೆ ಕೊಡುವಾಗಲೇ ಅವನು ಖಡಾಖಂಡಿತವಾಗಿ ಹೇಳಿದ್ದ: "ಸ್ಟವ್ ಹಚ್ಕಳ್ರಿ, ಬೇಡ ಅನ್ನಲ್ಲ. ಸೌದೆ, ಕೆಂಡ ಮಾತ್ರ ಒಳಗೆ ತರಬ್ಯಾಡ್ರಿ. ಒಂದು ಕಿಡಿ ಬಿತ್ತು ಅಂದ್ರೆ ನಾನೂ ಇಲ್ಲ, ನೀವೂ ಇಲ್ಲ." ಪಕ್ಕದ ಮನೆಯಲ್ಲಿ ಓಬಮ್ಮನೆಂಬ ಮುದುಕಿ ಇದ್ದಳು. ಅವಳ ಮಕ್ಕಳು ಕುರಿ ಹೊಡೆದುಕೊಂಡು ಯಲ್ಲದಕೆರೆ ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ದಿನವೂ ಅವಳು "ಆಫೀಸಿಗೆ ಹೊಂಟ್ಯೇನಪ್ಪ" ಎನ್ನುವಳು, ನಾನು "ಹೂಂ" ಎನ್ನುವೆ. ಬೀದಿಯವರೊಡನೆ ನನ್ನ ಬಳಕೆ ಅಷ್ಟೇ. ಸ್ವಭಾವತಃ ನಾನು ಸಂಕೋಚದವನು. ಜನ ಅದನ್ನು ಬಿಗುಮಾನ ಎಂದುಕೊಂಡಿದ್ದರು, ನನಗೂ ಹಾಗೆ ಅಂದುಕೊಳ್ಳುವುದೇ ಹಿತವಾಗಿತ್ತು.

ಈ ನಡುವೆ ಇಲಾಖೆಯವರು ನನ್ನನ್ನು ತರಬೇತಿಗೆಂದು ಬೊಂಬಾಯಿಗೆ ಕಳಿಸಿದರು. ತರಬೇತಿಯಲ್ಲಿ ಏನು ಕಲಿತೆನೋ ಮರೆತಿದೆ. ಆದರೆ ಕೊನೆಯ ದಿನ ಒಂದು ದೊಡ್ಡ ಹೋಟೆಲಿನಲ್ಲಿ ತಿಂದ ಲಸಾನ್ಯ ಎಂಬ ಇಟಲಿಯ ತಿಂಡಿ ಮರೆಯಲಿಲ್ಲ. ಅಲ್ಲಿನ ಅಡುಗೆಯವನು ಕುಂದಾಪುರದ ಕಡೆಯವನು. ಕನ್ನಡ ಕೇಳಿ ಕರಗಿಹೋಗಿ ಎಲ್ಲ ಹೇಳಿದ. ಮೈದಾ ಹಿಟ್ಟನ್ನು ಹಾಳೆಯಂತೆ ಲಟ್ಟಿಸಿ ಬಿಸಿನೀರಲ್ಲಿ ಬೇಯಿಸಬೇಕು, ಬಟ್ಟೆಯ ಮೇಲೆ ಆರಹಾಕಬೇಕು, ಒಂದು ಹಾಳೆ, ಅದರ ಮೇಲೆ ಟೊಮೆಟೊ ಗೊಜ್ಜು, ಮೇಲೆ ಚೀಸು, ಮತ್ತೆ ಹಾಳೆ, ಹೀಗೆ ಪದರ ಕಟ್ಟಿ ಕೆಳಗೂ ಮೇಲೂ ಬೆಂಕಿ ಕೊಡಬೇಕು. ಕೊನೆಗೆ ಒಂದು ಮಾತು ಸೇರಿಸಿದ: "ಒಬ್ಬರಿಗೆ ಅಂತ ಇದನ್ನು ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಮಾಡಿದ್ರೆ ಏಳೆಂಟು ಜನಕ್ಕೆ ಆಗ್ತದೆ." ನನ್ನ ಮನಸ್ಸಿಗೆ ಹಿಡಿಸಿದ್ದು ಆ ಮಾತೇ. ಹೊಸದುರ್ಗದಲ್ಲಿ ಯಾರನ್ನಾದರೂ ಊಟಕ್ಕೆ ಕರೆಯಲು ನನಗೊಂದು ನೆವ ಬೇಕಾಗಿತ್ತು.

ಕಚೇರಿಯ ರುದ್ರಪ್ಪನನ್ನೂ ಇನ್ನಿಬ್ಬರನ್ನೂ ಭಾನುವಾರ ಮಧ್ಯಾಹ್ನಕ್ಕೆ ಕರೆದೆ. ರುದ್ರಪ್ಪ ಭೀಮಸಮುದ್ರದವನು, ಶನಿವಾರ ಸಂಜೆಯಾದರೆ ಬಸ್ಸಿಗೆ ಓಡುವವನು. "ಈ ವಾರ ಊರಿಗೆ ಹೋಗಲ್ಲ ಬಿಡ್ರಿ ಸಾರ್. ನೀವು ಕೈಯಾರೆ ಮಾಡ್ತೀನಿ ಅಂದ ಮ್ಯಾಲೆ ಬರ್ದೆ ಇರ್ತೀವಾ?" ಎಂದ. ಆ ಒಂದು ಮಾತಿಗೆ ನಾನು ಮದುವೆ ಮನೆಯ ಯಜಮಾನನಂತೆ ಓಡಾಡತೊಡಗಿದೆ. ಚೀಸಿಗೆ ಚಿತ್ರದುರ್ಗಕ್ಕೇ ಹೋಗಬೇಕೇನೋ, ಅಲ್ಲಿಯೂ ಸಿಗುತ್ತದೆಯೋ ಇಲ್ಲವೋ. ಅದರ ಬದಲು ಹಾಲಿನವನಿಂದ ಗಿಣ್ಣು ಹಾಲು ತಂದು, ಬೆಲ್ಲ ಹಾಕದೆ ಬೇಯಿಸಿ ಬಿಲ್ಲೆ ಕತ್ತರಿಸಿದೆ. ಹಾಳೆಗಳನ್ನು ಆರಹಾಕಲು ಪೇಟೆ ಬೀದಿಯಲ್ಲಿ ಒಂದು ಹೊಸ ಬಿಳಿ ಪಂಚೆ ಕೊಂಡೆ. ಕೆಂಡ ಒಳಗೆ ತರುವಂತಿರಲಿಲ್ಲವಾಗಿ, ಭಾನುವಾರ ಬೆಳಿಗ್ಗೆ ಬಾಗಿಲ ಮುಂದೆಯೇ ಮೂರು ಕಲ್ಲು ಹೂಡಿ ಹಂಡೆಯಲ್ಲಿ ನೀರು ಕಾಯಲಿಟ್ಟೆ. ಪಕ್ಕದಲ್ಲಿ ಬೆರಣಿ ಒಟ್ಟಿ ಬೆಂಕಿ ಮಾಡಿದೆ. ಹಾಳೆ ಬೇಯಿಸಿ, ಒಳಗೆ ನೆಲಕ್ಕೆ ಹಾಸಿದ್ದ ಪಂಚೆಯ ಮೇಲೆ ಆರಹಾಕಿ, ಪದರ ಕಟ್ಟಿ, ದಪ್ಪ ತಳದ ಪಾತ್ರೆಯನ್ನು ಬೆರಣಿಯ ಕೆಂಡದಲ್ಲಿ ಹೂತು, ಮುಚ್ಚಳದ ಮೇಲೂ ಕೆಂಡ ಸುರಿದೆ. ಇನ್ನು ಅತಿಥಿಗಳು ಬರುವುದೊಂದೇ ಬಾಕಿ.

ಕಾದೆ. ಹೇಳಿದ ಹೊತ್ತು ಕಳೆಯಿತು. ಬೀದಿಯ ತುದಿಯವರೆಗೂ ಹೋಗಿ ನೋಡಿ ಬಂದೆ. ಯಾರೂ ಇಲ್ಲ. ಬೆಳಗಿನಿಂದ ಲಟ್ಟಿಸಿ ಲಟ್ಟಿಸಿ ರಟ್ಟೆ ಸೋತಿತ್ತು, ಮನಸ್ಸು ಅದಕ್ಕಿಂತ ಹೆಚ್ಚು ಸೋತಿತ್ತು. ಅವರು ಬರುವುದಿಲ್ಲವೆಂದು ನನಗೆ ಆಗಲೇ ಗೊತ್ತಾಗಿತ್ತು. ಬಾಗಿಲು ಅರ್ಧ ತೆರೆದಿಟ್ಟು, ಪಂಚೆಯ ಪಕ್ಕದಲ್ಲೇ ನೆಲದ ಮೇಲೆ ಅಂಗಾತ ಮಲಗಿ, ಹೊಗೆ ಬಡಿಯದಿರಲೆಂದು ಮುಖದ ಮೇಲೆ ಟವೆಲ್ ಎಳೆದುಕೊಂಡೆ. ಹಾಗೇ ನಿದ್ದೆ ಹತ್ತಿತು.

ಈಗ ನೀವೇ ಬೀದಿಯಲ್ಲಿ ನಿಂತು ನೋಡಿ. ಬಾಗಿಲ ಮುಂದೆ ಹೊಗೆಯಾಡುವ ಬೆರಣಿ ಬೆಂಕಿ. ಪಕ್ಕದಲ್ಲಿ ಹಂಡೆ ತುಂಬ ಬಿಸಿನೀರು. ಒಳಗೆ ಹೊಸ ಬಿಳಿ ಬಟ್ಟೆ, ಅದರ ಬದಿಗೆ ಮುಖ ಮುಚ್ಚಿ ಮಲಗಿದ ಮನುಷ್ಯ. ನಮ್ಮ ಕಡೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸಾವಿನ ಮನೆಯ ಮುಂದೆ ಬೆಂಕಿ ಹಾಕಿ, ಹೆಣ ತೊಳೆಯಲು ನೀರು ಕಾಯಿಸುವುದು ನನಗೇನು ಗೊತ್ತಿಲ್ಲದ್ದಲ್ಲ. ಆದರೆ ಲಸಾನ್ಯ ಮಾಡುವವನ ತಲೆಯಲ್ಲಿ ಇಟಲಿ ಇರುತ್ತದೆಯೇ ಹೊರತು ಸಾವು ಇರುವುದಿಲ್ಲ. ಬೆಳಿಗ್ಗೆ ನಾನು ಕಲ್ಲು ಹೂಡುವಾಗ ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿದ್ದರು, ಯಾರೂ ಕಂಡಿರಲಿಲ್ಲ. ಈ ಬೆಂಕಿ ಹಾಕಿದವರು ಯಾರು ಎಂದು ಬೀದಿಯಲ್ಲಿ ಒಬ್ಬರೂ ಕೇಳಲಿಲ್ಲವಂತೆ. ಆಚೆ ಮನೆಯವರು ಹಾಕಿರಬೇಕೆಂದು ಈಚೆ ಮನೆಯವರು, ಈಚೆಯವರೆಂದು ಆಚೆಯವರು ತಿಳಿದುಕೊಂಡರು.

ಎಚ್ಚರವಾದಾಗ ಹೊಸ್ತಿಲಾಚೆ ಪಿಸುಮಾತು ಕೇಳುತ್ತಿತ್ತು. ಒಳಗೆ ಕಾಲಿಡಲು ಧೈರ್ಯವಿಲ್ಲದೆ ಎಲ್ಲರೂ ಪೇಟೆಗೆ ಹೋಗಿದ್ದ ತಿಪ್ಪಣ್ಣ ಬರಲೆಂದು ನಿಂತಿದ್ದರು. "ನಿನ್ನೆ ಸಂಜಿಕೆ ಬಿಳಿ ಪಂಚೆ ತಗಂಡ್ರಂತೆ. ಮನುಷ್ಯಗೆ ಮೊದ್ಲೇ ತಿಳಿದು ಬಿಡ್ತೈತೆ ನೋಡು," ಎಂದಿತು ಒಂದು ದನಿ. "ಪಾಪ, ಒಬ್ರ ತಂಟೆಗೆ ಹೋದೋರಲ್ಲ," ಎಂದಿತು ಇನ್ನೊಂದು. ನಾನು ಆಗಲೇ ಎದ್ದು ಕೂರಬೇಕಾಗಿತ್ತು. ಏಳಲಿಲ್ಲ. ಹೊಸದುರ್ಗಕ್ಕೆ ಬಂದ ಮೇಲೆ ನನ್ನ ಬಗ್ಗೆ ಯಾರಾದರೂ ಮಾತಾಡುವುದನ್ನು ಕೇಳಿದ್ದು ಅದೇ ಮೊದಲು. ಇನ್ನೂ ಏನಾದರೂ ಒಳ್ಳೆಯದು ಹೇಳುತ್ತಾರೋ ನೋಡೋಣವೆಂಬ ಚಪಲ. ಅಷ್ಟರಲ್ಲಿ ತಿಪ್ಪಣ್ಣ ಬಂದ. "ಯಾರಿಗೆ ಹೇಳಿ ಕಳ್ಸೋದು? ಇವರಿಗೆ ಯಾರು ಅದಾರೆ?" ಎಂದು ಕೇಳಿದ. ಮಲಗಿದಲ್ಲಿಯೇ ನಾನೂ ಯೋಚಿಸಿದೆ. ತುಮಕೂರಿನಲ್ಲಿದ್ದ ಅಕ್ಕನೊಬ್ಬಳನ್ನು ಬಿಟ್ಟರೆ ನನಗೂ ಯಾರೂ ಹೊಳೆಯಲಿಲ್ಲ. ಟವೆಲ್ಲಿನ ಕೆಳಗೆ ನನ್ನ ಕಣ್ಣು ಒದ್ದೆಯಾಯಿತು.

ಆಗ ಓಬಮ್ಮನ ದನಿ ಕೇಳಿತು. "ಯಾರೂ ಇಲ್ದಿದ್ರೆ ಏನಾತು, ನಾವಿಲ್ವಾ? ಮುದ್ದೆಗೆ ಎಸರು ಇಟ್ಟಿದ್ದೆ, ಒಲೆಗೆ ನೀರು ಹಾಕಿ ಬಂದೀನಿ. ಈ ಸಾಲಿನಾಗೆ ಯಾರೂ ಒಲೆ ಹಚ್ಚಿಲ್ಲ. ನೀನು ಮುಂದಿನ ಕೆಲಸ ನೋಡು ತಿಪ್ಪಣ್ಣ." ಬೀದಿಯಲ್ಲಿ ಹೆಣವಿದ್ದರೆ ಅದನ್ನು ಎತ್ತುವ ತನಕ ಅಕ್ಕಪಕ್ಕದವರು ಒಲೆ ಉರಿಸುವುದಿಲ್ಲ. ಊಟದ ಹೊತ್ತಿನಲ್ಲಿ ಒಂದು ಸಾಲಿನ ಮನೆಗಳವರೆಲ್ಲ ನನಗಾಗಿ ಹಸಿದು ನಿಂತಿದ್ದರು. ಅದನ್ನು ಕೇಳಿ ನನಗೆ ದುಃಖ ಉಕ್ಕಿ ಬಂತು. ಉಕ್ಕಿದ್ದನ್ನು ತಡೆಯಲು ಉಸಿರೆಳೆದೆ, ಉಸಿರಿನೊಂದಿಗೆ ಬೆರಣಿಯ ಹೊಗೆ ಹೋಯಿತು, ಮನೆ ನಡುಗುವಂತೆ ಸೀನಿದೆ.

ಮುಂದಿನದನ್ನು ನಾನು ವಿಸ್ತರಿಸುವುದಿಲ್ಲ. ಇಬ್ಬರು ಓಡಿದರು, ತಿಪ್ಪಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. ನಾನು ಎದ್ದು ನಿಂತು, ಸತ್ತಿಲ್ಲವೆಂದೂ ಅಡುಗೆ ಮಾಡುತ್ತಿದ್ದೆನೆಂದೂ ಕೈಮುಗಿದು ಹೇಳಿದೆ. ನಂಬಿಕೆ ಬರಲೆಂದು ಕೆಂಡ ಕೆದಕಿ ಪಾತ್ರೆ ತೆಗೆದು ತೋರಿಸಿದೆ. ಸಾವಿಗೆಂದು ಬಂದವರು ಸ್ನಾನ ಮಾಡದೆ ಉಣ್ಣಬಹುದೇ ಎಂದು ಒಂದು ಚರ್ಚೆ ನಡೆಯಿತು. "ಸತ್ತೇ ಇಲ್ಲ ಅಂದ ಮ್ಯಾಲೆ ಸೂತಕ ಎಲ್ಲಿಂದ ಬಂತು? ಕುಂತ್ಕಳ್ರಿ," ಎಂದು ತಿಪ್ಪಣ್ಣ ತೀರ್ಪು ಕೊಟ್ಟ. ಹೊಟ್ಟೆ ಹಸಿದಿತ್ತು, ಯಾರ ಮನೆಯಲ್ಲೂ ಅಡುಗೆಯಿರಲಿಲ್ಲ. ಬೀದಿಯಲ್ಲೇ ಸಾಲಾಗಿ ಕುಳಿತರು. ಲಸಾನ್ಯದ ತಳ ಸೀದಿತ್ತು, ನಡುವೆ ಹಸಿಯಾಗಿತ್ತು. ಓಬಮ್ಮ ಪದರಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, "ಚಪಾತಿನ ಯಾಕಪ್ಪ ಹಿಂಗೆ ಹೂಳಿಟ್ಟಿದ್ದೀಯ?" ಎಂದಳು. ಆದರೂ ಇನ್ನೊಂದು ಚೂರು ಹಾಕಿಸಿಕೊಂಡಳು. ಆಮೇಲೆ ಕೈ ತೊಳೆಯುತ್ತಾ, "ನಿನ್ನೆ ಒಂದು ಮಾತು ಕರೆದಿದ್ರೆ ಬರ್ತಿದ್ವಿ. ಸಾಯೋವರ್ಗೂ ಯಾಕೆ ಕಾಯ್ಸಿದೆ?" ಎಂದಳು. ನಾನು ಅವಳ ಕೈಗೆ ಹಂಡೆಯಿಂದ ಇನ್ನೊಂದು ಚೊಂಬು ನೀರು ಹಾಕಿದೆ. ಮಾರನೆಯ ದಿನ ರುದ್ರಪ್ಪ, "ಮನೇಲಿ ಅಡಿಕೆ ಕೆಲಸ ಇತ್ತು ಸಾರ್, ಬಸ್ ಹತ್ತಿಬಿಟ್ಟೆ," ಎಂದಾಗಲೂ, ಉಳಿದಿಬ್ಬರು ಅಂಥದೇ ನೆವ ಹೇಳಿದಾಗಲೂ ನನಗೆ ಸಿಟ್ಟು ಬರಲಿಲ್ಲ.

ಅಲ್ಲಿಂದಾಚೆಗೆ ನನ್ನ ಬಾಗಿಲ ಮುಂದೆ ಹೊಗೆ ಕಂಡರೆ ಬೀದಿಯವರು ತಟ್ಟೆ ಹಿಡಿದು ಬರತೊಡಗಿದರು. ಆ ಭಾಗ್ಯ ಹೆಚ್ಚು ಕಾಲ ಉಳಿಯಲಿಲ್ಲ, ಚಿತ್ರದುರ್ಗಕ್ಕೆ ವರ್ಗವಾಯಿತು. ಈಗಿನ ಮನೆ ಮಹಡಿಯ ಮೇಲಿದೆ, ಗ್ಯಾಸ್ ಬಂದಿದೆ. ಎಷ್ಟು ಬೇಯಿಸಿದರೂ ಚೂರು ಹೊಗೆಯಿಲ್ಲ. ಕೆಳಗಿನ ಮನೆಯವರು ಬಹಳ ಮರ್ಯಾದಸ್ಥರು, ಮೆಟ್ಟಿಲಲ್ಲಿ ಸಿಕ್ಕರೆ ನಗುತ್ತಾರೆ. ಅವರನ್ನು ಊಟಕ್ಕೆ ಕರೆಯಬೇಕೆಂದು ಪ್ರತಿ ಶನಿವಾರ ಅಂದುಕೊಳ್ಳುತ್ತೇನೆ, ಬಾಯಿ ಬರುವುದಿಲ್ಲ. ಹೇಳಿದರೆ ನಗಬೇಡಿ, ಕಳೆದ ಭಾನುವಾರ ಬಾಗಿಲು ಅರ್ಧ ತೆರೆದಿಟ್ಟು, ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿಯೂ ನೋಡಿದೆ. ಬಹಳ ಹೊತ್ತು ಕಾದೆ. ಕೊನೆಗೆ ಹಸಿವಾಗಿ, ನಾನೇ ಎದ್ದು ಅನ್ನಕ್ಕಿಟ್ಟೆ.