ಗುಜ್ಜೆ ಯಂತ್ರಕ್ಕೆ ಸ್ಥಾಪಕರು ಬೇಕಾಗಿದ್ದಾರೆ

ಹಗಲುಗನಸು ಕಾಣುವುದರಲ್ಲಿ ನನ್ನನ್ನು ಮೀರಿಸುವವರು ಪುತ್ತೂರು ಪೇಟೆಯಲ್ಲಿ ಇರಲಿಕ್ಕಿಲ್ಲ. ಬೇರೆಯವರು ಕನಸು ಕಾಣಲು ಮಲಗಬೇಕು. ನನಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಸಾಕು. ಈಚೆಗೆ ಸುಬ್ರಹ್ಮಣ್ಯದಿಂದ ಬರುವಾಗ ಕಡಬ ದಾಟಿದ್ದೇ ಗೊತ್ತಾಗಲಿಲ್ಲ. ಹೊರಗೆ ತೆಳ್ಳಗೆ ಮಂಜು. ನನ್ನ ಪಾಲಿಗೆ ಅದು ಇಂಗ್ಲೆಂಡ್. ಅಲ್ಲೊಂದು ಪುಟ್ಟ ಕಾರ್ಖಾನೆ, ಬಿಳಿ ಕೋಟು ಹಾಕಿದ ದೊರೆಗಳು ಸಾಲಾಗಿ ನಿಂತು ನನ್ನ ಯಂತ್ರಕ್ಕೆ ಗುಜ್ಜೆ ಹಾಕುತ್ತಿದ್ದಾರೆ. "ಪುತ್ತೂರು ಬಂತು, ಇಳೀರಿ ಮಾರಾಯ್ರೆ" ಎಂದು ಕಂಡಕ್ಟರ್ ಭುಜ ತಟ್ಟಿದ ಮೇಲೆಯೇ ನಾನು ಭಾರತಕ್ಕೆ ಮರಳಿದ್ದು.

ನನ್ನದು ಕೃಷಿ ಯಂತ್ರಗಳ ಸಣ್ಣ ಅಂಗಡಿ. ಗುಜ್ಜೆಯ, ಅಂದರೆ ಎಳೆ ಹಲಸಿನಕಾಯಿಯ, ಸಿಪ್ಪೆ ತೆಗೆದು ಹೋಳು ಮಾಡುವ ಯಂತ್ರವೊಂದನ್ನು ಪಕ್ಕದ ವರ್ಕ್‌ಶಾಪಿನ ಹಮೀದಣ್ಣನೂ ನಾನೂ ಸೇರಿ ಮಾಡಿದ್ದೆವು. ಮಾಂಸ ಬಿಟ್ಟ ವಿದೇಶಿಯರು ಈಗ ಗುಜ್ಜೆಗೆ ಮುಗಿಬೀಳುತ್ತಾರಂತೆ. ಅಲ್ಲೇ ಹೋಗಿ ಕಂಪನಿ ಕಟ್ಟುವವರಿಗೆ ಬೇರೆಯೇ ವೀಸಾ ಉಂಟೆಂದು ತಿಳಿದಾಗ, ಹತ್ತು ವರ್ಷ ಗಲ್ಫಿನಲ್ಲಿದ್ದ ಹಮೀದಣ್ಣನಿಗೆ ನಂಬಿಕೆಯೇ ಬರಲಿಲ್ಲ. "ಗಲ್ಫಿನವರು ಕೆಲಸ ಕೊಟ್ಟು ನಮ್ಮನ್ನು ಕರೆಸುದು. ಇದೆಂತ, ನಾವೇ ಹೋಗಿ ಅವರಿಗೆ ಕೆಲಸ ಕೊಡುದಾ?" ಪೋರ್ಚುಗಲ್ಲಿಗಾದರೆ ಅಲ್ಲಿನ ಸಂಸ್ಥೆಯೊಂದು ನಮ್ಮ ಕಂಪನಿಯನ್ನು ಬೆಳೆಸಲು ಒಪ್ಪಬೇಕು. ಎಸ್ಟೋನಿಯಾಕ್ಕಾದರೆ ನಮ್ಮ ಯೋಚನೆಯನ್ನು ಒಂದು ಸಮಿತಿ ಮೆಚ್ಚಬೇಕು. ಆ ದೇಶವನ್ನು ನಕ್ಷೆಯಲ್ಲಿ ಹುಡುಕುತ್ತಾ ಒಂದಿಡೀ ಮಧ್ಯಾಹ್ನ ಹಿಮದ ಬೀದಿಗಳಲ್ಲಿ ಅಲೆದು ಬಂದೆ, ಗಿರಾಕಿ ಕರೆದದ್ದೂ ಕೇಳಿಸಲಿಲ್ಲ. ಕೊನೆಗೆ ಭಾಷೆ ಬರುತ್ತದಲ್ಲ ಎಂದು ಇಂಗ್ಲೆಂಡನ್ನೇ ಹಿಡಿದೆವು. ಅಲ್ಲಿಗೆ ಹೋಗಬೇಕಾದರೆ, ಯಂತ್ರದ ಯೋಚನೆ ಹೊಸದು, ಅದು ಕಂಪನಿಯ ಸ್ಥಾಪಕರದ್ದೇ ಎಂದು ಒಂದು ಸಂಸ್ಥೆ ಒಪ್ಪಿಗೆ ಪತ್ರ ಕೊಡಬೇಕು. ನನಗೋ ಐವತ್ತು ದಾಟಿದೆ. ಪತ್ರ ಸಿಗದಿದ್ದರೆ ಇನ್ನುಳಿದ ಆಯುಷ್ಯವೆಲ್ಲ ಹುಲ್ಲು ಕತ್ತರಿಸುವ ಯಂತ್ರ ಮಾರುವುದೇ ಎಂದು ನೆನೆದರೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು.

ನಮ್ಮ ಕಡೆಯ ಒಂದು ಕ್ರಮ ಇಲ್ಲಿ ಹೇಳಬೇಕು. ಊಟ ಚೆನ್ನಾಗಿತ್ತು ಎಂದರೆ "ಎಂತ ಚೆಂದ, ಉಪ್ಪೇ ಸರಿ ಇಲ್ಲ" ಎನ್ನಬೇಕು. ಹೊಸ ಮನೆ ಹೊಗಳಿದರೆ "ಎಂತದೋ ಒಂದು ಗೂಡು" ಎನ್ನಬೇಕು. ಹೂಂ ಎಂದು ಒಪ್ಪಿಕೊಂಡವನನ್ನು ಊರು ಸುಮ್ಮನೆ ಬಿಡುವುದಿಲ್ಲ. ವೀಡಿಯೊ ಸಂದರ್ಶನದಲ್ಲಿ ಆ ಸಂಸ್ಥೆಯ ಮೇಡಂ, "ಸೊಗಸಾದ ಯಂತ್ರ. ಇದು ನಿಮ್ಮ ಯೋಚನೆಯೇ?" ಎಂದು ಕೇಳಿದರು. "ಛೇ ಛೇ, ನಾನೆಂತ ಮಾಡಿದ್ದು, ಎಲ್ಲ ಹಮೀದಣ್ಣನದ್ದು" ಎಂದೆ, ಇಂಗ್ಲಿಷಿನಲ್ಲಿ. ಪಕ್ಕದಲ್ಲಿದ್ದ ಹಮೀದಣ್ಣ ಬಿಟ್ಟಾರೆಯೇ? "ನಾನು ಬರೀ ವೆಲ್ಡಿಂಗ್. ತಲೆ ಇವರದ್ದು" ಎಂದರು. "ಹಾಗಾದರೆ ಹೊಸತನ ಏನು?" "ಅಂಥದ್ದೆಂತ ಇಲ್ಲ" ಎಂದೆವು, ಇಬ್ಬರೂ ಒಟ್ಟಿಗೆ, ಬಹಳ ವಿನಯದಿಂದ. ವಾರ ಕಳೆದು ಉತ್ತರ ಬಂತು: ಸ್ಥಾಪಕರು ಯಾರೆಂದು ಸ್ಪಷ್ಟವಾಗಿಲ್ಲ, ಇನ್ನೊಂದೇ ಅವಕಾಶ.

ಕನ್ನಡಿ ಮುಂದೆ ನಿಂತು "ನಾನೇ ಮಾಡಿದ್ದು, ನಾನೇ" ಎಂದು ಅಭ್ಯಾಸ ಶುರುಮಾಡಿದೆ. ಮೂರನೇ "ನಾನೇ"ಗೆ ಒಳಗಿನಿಂದ ಸುಮಿತ್ರ ಬಂದಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನ್ನ ಹೆಂಡತಿ.

"ಗುಜ್ಜೆಯ ಮೇಣ ಅಂಟಿ ಅಂಟಿ ನಿಮ್ಮ ಯಂತ್ರ ನಿಂತೇ ಹೋಗಿತ್ತಲ್ಲ, ಬ್ಲೇಡಿಗೆ ತನ್ನಷ್ಟಕ್ಕೆ ತೆಂಗಿನೆಣ್ಣೆ ಸವರುವ ಹಾಗೆ ಮಾಡಿ ಅಂತ ಹೇಳಿದ್ದು ಯಾರು? ಚಿತ್ರ ಬರೆದು ಕೊಟ್ಟದ್ದು ಯಾರು?"

ನನಗೆ ನಾಚಿಕೆಯಾಯಿತು. ಆ ಎಣ್ಣೆಯೊಂದೇ ನಮ್ಮ ಯಂತ್ರದ ಹೊಸತನ. ಅಷ್ಟು ವಿನಯ ತೋರಿಸಿ ಎಲ್ಲವನ್ನೂ ಬಿಟ್ಟುಕೊಡುವಾಗಲೂ ಇವಳ ಹೆಸರು ನನ್ನ ಬಾಯಿಗೆ ಬರಲಿಲ್ಲವಲ್ಲ!

ಎರಡನೇ ಸಂದರ್ಶನಕ್ಕೆ ಅವಳೇ ಕುಳಿತಳು. "ಯೋಚನೆ ಯಾರದ್ದು?" "ನನ್ನದು." ಅಷ್ಟೇ. "ಛೇ" ಇಲ್ಲ, "ಎಂತ" ಎಂಬುದೂ ಇಲ್ಲ. ಹಮೀದಣ್ಣ ಬಾಯಿಗೆ ಕೈ ಇಟ್ಟು ಕುಳಿತಿದ್ದರು. ಒಪ್ಪಿಗೆ ಪತ್ರ ಬಂತು.

ನಿನ್ನೆ ಅವಳೂ ನಾನೂ ಕುಳಿತು ವೀಸಾ ಅರ್ಜಿ ತುಂಬಿಸಿದೆವು. ಸ್ಥಾಪಕರು: ಸುಮಿತ್ರ. ನನ್ನ ಹೆಸರು ಹಾಕಲಿಕ್ಕೂ ಅದರಲ್ಲಿ ಜಾಗ ಇತ್ತು, "ಅವಲಂಬಿತರು" ಎಂಬಲ್ಲಿ. ಮದುವೆಯಾದ ಇಪ್ಪತ್ತೈದು ವರ್ಷಗಳಿಂದ ಇದ್ದ ಸಂಗತಿಯೇ. ಬಾಯಿಬಿಟ್ಟು ಒಪ್ಪಿಕೊಳ್ಳಲು ನನಗೆ ಇಂಗ್ಲೆಂಡಿನ ಸರ್ಕಾರ ಬೇಕಾಯಿತು.