ದಿವಂಗತ ವಿಮರ್ಶಕರು ವಾಪಸು ಪಡೆಯದ ಒಂದು ಮಾತು

ಮಾನ್ಯರೇ,

ಶುಕ್ರವಾರದ ಪುಟದ ಬಲಗಡೆಯ ಅಂಕಣವನ್ನು ಒಂದು ತಲೆಮಾರಿನಷ್ಟು ಕಾಲ ಆಳಿ, ಈಗ ಅದೇ ಜಾಗದಲ್ಲಿ ಕಪ್ಪು ಚೌಕಟ್ಟಿನೊಳಗೆ, ಬದುಕಿದ್ದಾಗ ನಮ್ಮಲ್ಲಿ ಯಾರೂ ಕಂಡಿರದ ಮುಗುಳ್ನಗೆ ಬೀರುತ್ತ ಕುಳಿತಿರುವ ನಾಟಕ ವಿಮರ್ಶಕರಾದ ತಮಗೆ, ತಮ್ಮಿಂದ ಅತಿ ಹೆಚ್ಚು ಬೈಸಿಕೊಂಡ ತಂಡದ ನಿರ್ದೇಶಕನು ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವುದು ಈಗ ಉಚಿತವೋ ಅಲ್ಲವೋ ತಿಳಿಯದು. ತಾವು ತೀರಿಕೊಂಡದ್ದರ ಬಗ್ಗೆ ನನ್ನ ತಕರಾರಿಲ್ಲ. ವಯಸ್ಸಾಗಿತ್ತು, ಎದೆನೋವಿತ್ತು, ಸಾಲದ್ದಕ್ಕೆ ನಮ್ಮ ನಾಟಕಗಳನ್ನು ಬೇರೆ ನೋಡುತ್ತಿದ್ದಿರಿ. ಮಾಡಬೇಕಿದ್ದ ಒಂದು ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದಿರಲ್ಲ, ನನ್ನ ದೂರು ಅದರ ಬಗ್ಗೆ.

ಮೊದಲು ತಮ್ಮ ಸಂತಾಪ ಸಭೆಯ ವರದಿ ಒಪ್ಪಿಸಿಬಿಡುತ್ತೇನೆ, ಏಕೆಂದರೆ ಪತ್ರಿಕೆಯಲ್ಲಿ ಬಂದದ್ದನ್ನು ತಾವು ನಂಬುವವರಲ್ಲ. ಸಭಾಂಗಣ ಭರ್ತಿಯಾಗಿತ್ತು, ನಮ್ಮ ಯಾವ ನಾಟಕಕ್ಕೂ ಅಷ್ಟು ಜನ ಸೇರಿದ್ದಿಲ್ಲ. ತಮ್ಮನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದ ನಮ್ಮ ಹಿರಿಯ ನಟರು ವೇದಿಕೆಯ ಮೇಲೆ ಬಿಕ್ಕಿ ಬಿಕ್ಕಿ ಅತ್ತರು. ಅದೇ ನಟರ ಅಳುವಿನ ಬಗ್ಗೆ ತಾವು ಒಮ್ಮೆ 'ಇವರಿಗೆ ನೆಗಡಿಯಾಗಿದೆಯೆಂದೇ ಎರಡನೆಯ ಅಂಕದವರೆಗೆ ತಿಳಿದಿದ್ದೆ' ಎಂದು ಬರೆದದ್ದು ಸಭೆಯಲ್ಲಿದ್ದ ಎಲ್ಲರಿಗೂ ನೆನಪಿತ್ತು. ಹಾಗಾಗಿ ಅವರು ಅಳುವಷ್ಟು ಹೊತ್ತೂ ನಾವೆಲ್ಲ ತಲೆ ತಗ್ಗಿಸಿ, ತುಟಿ ಕಚ್ಚಿಕೊಂಡು ಕೂತೆವು, ನೋಡಿದವರಿಗೆ ಅದೂ ದುಃಖದ ಹಾಗೇ ಕಂಡಿರಬೇಕು. ಅಧ್ಯಕ್ಷರು ತಮ್ಮನ್ನು 'ತಾಯಿಕರುಳಿನ ವಿಮರ್ಶಕ' ಎಂದು ಬಣ್ಣಿಸಿದರು. ಅವರು ಕಂಡ ಆ ತಾಯಿ ಎಂಥವಳೋ ದೇವರಿಗೇ ಗೊತ್ತು.

ನಾನೇನು ಉಪಕಾರ ಮರೆತವನಲ್ಲ. ಮೊದಲ ಅಂಕವನ್ನು ಮೂರನೆಯ ಸಾಲಿನಲ್ಲಿ ಕೂತು ನೋಡಿ, ಎರಡನೆಯ ಅಂಕಕ್ಕೆ ಎದ್ದು, ಮಳೆಯಿರಲಿ ಬಿಸಿಲಿರಲಿ ಕೈಬಿಡದ ಆ ಕಪ್ಪು ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ಮಾತು ಅಲ್ಲಿಗೂ ಕೇಳಿಸುತ್ತದೆಯೋ ಇಲ್ಲವೋ ನೋಡಲು ಕೊನೆಯ ಸಾಲಿಗೆ ಹೋಗಿ ಕೂರುತ್ತಿದ್ದಿರಿ. ಆ ಹೆದರಿಕೆಗೇ ನಮ್ಮವರು ಬಾಯಿಬಿಟ್ಟು ಮಾತಾಡುವುದನ್ನು ಕಲಿತರು. ಪರದೆಯ ಮರೆಯಲ್ಲಿ ನಿಂತು ಮಾತು ನೆನಪಿಸುವ ನಮ್ಮ ಪ್ರಾಂಪ್ಟರ್ ಬಗ್ಗೆ 'ಇಡೀ ನಾಟಕದಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ಇವರೊಬ್ಬರ ದನಿ' ಎಂದು ಬರೆದಿರಿ, ನಾಯಕನಟ ಮರುದಿನದಿಂದಲೇ ಮಾತು ಬಾಯಿಪಾಠ ಮಾಡತೊಡಗಿದ. ನಾವು ಕಳಿಸಿದ ಪಾಸನ್ನು ಹಿಂದಿರುಗಿಸಿ ಸಾಲಿನಲ್ಲಿ ನಿಂತು ಟಿಕೆಟ್ ಕೊಳ್ಳುತ್ತಿದ್ದಿರಿ. ರಂಗಮಂದಿರವನ್ನು ಗೋದಾಮು ಮಾಡಲು ಹೊರಟಾಗ ಊರಿನ ಗಣ್ಯರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರೆ, ತಾವೊಬ್ಬರು, 'ಇದು ಉಳಿಯಬೇಕು. ಈಗ ಇಲ್ಲಿ ನಡೆಯುತ್ತಿರುವುದಕ್ಕಾಗಿ ಅಲ್ಲ, ಮುಂದೆಂದಾದರೂ ಯಾರಾದರೂ ಇಲ್ಲಿ ನಾಟಕ ಆಡಿಯಾರು ಎಂಬ ಆಸೆಯಿಂದ' ಎಂದು ಬರೆದಿರಿ. ಕಟ್ಟಡ ಉಳಿಯಿತು. ಅದಕ್ಕೆ ನಗಬೇಕೋ, ನಮಗೆ ಬಿದ್ದ ಏಟಿಗೆ ಅಳಬೇಕೋ ತಿಳಿಯದೆ ನಾವೆಲ್ಲ ಚಹಾ ಕುಡಿದೆವು.

ಚಹಾ ಎಂದಾಗ ತಮಗೆ ಗೊತ್ತಿರಲಾರದ ಒಂದು ಸಂಗತಿ ಹೇಳಬೇಕು. ತಮ್ಮ ವಿಮರ್ಶೆ ಅಚ್ಚಾದ ಬೆಳಿಗ್ಗೆ ನಮ್ಮ ತಂಡದವರೆಲ್ಲ ರಂಗಮಂದಿರದ ಎದುರಿನ ಚಹಾದಂಗಡಿಯಲ್ಲಿ ಸೇರುತ್ತಿದ್ದೆವು. ಯಾರಿಗೆ ಎಲ್ಲರಿಗಿಂತ ಹೆಚ್ಚು ಬೈಗುಳ ಬಿದ್ದಿದೆಯೋ ಅವರೇ ಎದ್ದು ನಿಂತು ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು, ಅವರ ಚಹಾ ಉಳಿದವರ ಲೆಕ್ಕಕ್ಕೆ. ನಕ್ಕು ಹಗುರಾಗಲಿ ಎಂದು ಮಾಡಿಕೊಂಡಿದ್ದ ಪದ್ಧತಿ ಅದು. ನಾನೇ ಎಷ್ಟೋ ಸಲ ಪುಕ್ಕಟೆ ಚಹಾ ಕುಡಿದಿದ್ದೇನೆ. ನನ್ನ ತಂಗಿ ಮೊದಲ ಸಲ ಬಣ್ಣ ಹಚ್ಚಿದ ನಾಟಕಕ್ಕೆ ಆ ಸರದಿ ಅವಳದಾಯಿತು. 'ಮನೆಮಗಳ ಪಾತ್ರ ವಹಿಸಿದ ಹುಡುಗಿ, ಯಾರೋ ಇಟ್ಟು ಮರೆತುಹೋದ ಕೊಡೆಯ ಹಾಗೆ ಇಡೀ ನಾಟಕ ಮೂಲೆಯಲ್ಲಿ ನಿಂತಿದ್ದಳು' ಎಂಬ ತಮ್ಮ ಮಾತನ್ನು ಅವಳು ಒಂದೂ ಅಕ್ಷರ ತಡವರಿಸದೆ ಓದಿದಳು. ರಂಗದ ಮೇಲೆ ಕೇಳಿಸದ ದನಿ ಅಂದು ರಸ್ತೆಯವರೆಗೆ ಕೇಳಿಸಿತು. ಎಲ್ಲರೂ ನಕ್ಕರು, ಅವಳೂ ನಕ್ಕಳು, ಲೋಟ ಖಾಲಿ ಮಾಡಿ ಮನೆಗೆ ಹೋದಳು. ಆಮೇಲೆ ರಂಗ ಹತ್ತಲಿಲ್ಲ.

ಮಾತು ಎಷ್ಟು ಸೊಗಸಾಗಿತ್ತೆಂದರೆ ಊರಿಗೆ ಊರೇ ಅದನ್ನು ಎತ್ತಿಕೊಂಡಿತು. ಬಸ್ಸಿನ ಕಂಡಕ್ಟರ್ 'ಕೊಡೆ ಮೇಡಂ, ಸ್ವಲ್ಪ ಮುಂದೆ ಹೋಗಿ' ಎಂದ. ತಂಡದ ಉಡುಪು ಹೊಲಿಯುತ್ತ ಹಿಂದಿನ ಕೋಣೆಯಲ್ಲಿ ಅವಳು ಕೂದಲು ಹಣ್ಣು ಮಾಡಿಕೊಂಡಳು, ಹೊಸದಾಗಿ ಬಂದವರಿಗೂ ಅವಳು 'ಕೊಡೆ ಅಕ್ಕ'ನೇ. ಅವರಲ್ಲೊಬ್ಬಳು ಒಮ್ಮೆ, 'ನೀವು ಮೊದಲು ಕೊಡೆ ರಿಪೇರಿ ಮಾಡ್ತಿದ್ರಾ ಅಕ್ಕಾ?' ಎಂದು ಪ್ರೀತಿಯಿಂದಲೇ ಕೇಳಿದಳು. ತಂಗಿ ಸೂಜಿಯಿಂದ ಕಣ್ಣೆತ್ತದೆ 'ಹೂಂ' ಎಂದಳು. ಹಾಗಾದರೂ ಮಾತಿನ ಮೂಲ ಮರೆತುಹೋಗುತ್ತಿತ್ತು. ಅಷ್ಟರಲ್ಲಿ ತಾವು ತೀರಿಕೊಂಡಿರಿ, ತಮ್ಮ ಪತ್ರಿಕೆಯವರು 'ಮರೆಯಲಾಗದ ಮಾತುಗಳು' ಎಂಬ ತಲೆಬರಹದಡಿ ತಮ್ಮ ಚುಚ್ಚುಮಾತುಗಳನ್ನೆಲ್ಲ ಪೋಣಿಸಿ ಅಚ್ಚು ಹಾಕಿದರು, ಎಲ್ಲಕ್ಕೂ ಮೊದಲಿಗೆ ಕೊಡೆಯನ್ನು ಇಟ್ಟರು.

ಅಂದು ಅವಳು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ನನ್ನ ಬಳಿ ಬಂದು, 'ಅಣ್ಣಾ, ಮುಂದಿನ ನಾಟಕದಲ್ಲಿ ತಾಯಿ ಪಾತ್ರ ನಾನು ಮಾಡ್ತೀನಿ. ಇನ್ನು ಬರೆಯೋಕೆ ಅವರಿಲ್ಲವಲ್ಲ' ಎಂದಳು. ಮಾಡಿಯೂ ಮಾಡಿದಳು. ಎರಡನೆಯ ಅಂಕದಲ್ಲಿ ಮಗನ ಅಂಗಿಗೆ ಗುಂಡಿ ಹೊಲಿಯುತ್ತ, ಮನೆ ಬಿಟ್ಟು ಹೊರಡು ಎಂದು ಅವನಿಗೆ ಹೇಳುವ ಮಾತೊಂದಿದೆ. ದಾರವನ್ನು ಹಲ್ಲಿನಲ್ಲಿ ಕಡಿದು, ಗಂಟು ಸರಿಯಾಗಿದೆಯೇ ಎಂದು ಎಳೆದು ನೋಡಿ, ಆಮೇಲೆ ಆ ಮಾತು ಹೇಳಿದಳು. ಕೊನೆಯ ಸಾಲಿನಲ್ಲಿ ಅಷ್ಟು ಹೊತ್ತು ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು. ನನಗೆ ಹಾಗನ್ನಿಸಿತು. ಆದರೆ ನಾನು ಅವಳ ಅಣ್ಣ, ನನ್ನ ಸಾಕ್ಷಿ ನಡೆಯುವುದಿಲ್ಲ.

ನಡೆಯಬೇಕಾದ ಸಾಕ್ಷಿ ತಮ್ಮ ಜಾಗಕ್ಕೆ ಬಂದಿರುವ ಹೊಸ ವಿಮರ್ಶಕರದು. ಬಹಳ ಸಜ್ಜನರು. 'ಎಲ್ಲ ಕಲಾವಿದರೂ ಮನಮುಟ್ಟುವಂತೆ ಅಭಿನಯಿಸಿದರು. ಮಾವನ ಪಾತ್ರದಲ್ಲಿ ಹಿರಿಯ ನಟರಂತೂ ಅಮೋಘ' ಎಂದು ಬರೆದಿದ್ದಾರೆ. ಸಂತಾಪ ಸಭೆಯಲ್ಲಿ ಅತ್ತರಲ್ಲ, ಆ ಹಿರಿಯ ನಟರೇ. ನಾಟಕದ ದಿನ ಅವರು ಜ್ವರ ಬಂದು ಮನೆಯಲ್ಲಿ ಮಲಗಿದ್ದರು, ಮಾವನ ಪಾತ್ರವನ್ನು ನಮ್ಮ ಪ್ರಾಂಪ್ಟರ್ ಕನ್ನಡಕ ಹಾಕಿಕೊಂಡು, ಪುಸ್ತಕ ಕೈಯಲ್ಲಿ ಹಿಡಿದು ಓದಿ ಮುಗಿಸಿದ್ದ. ಹೊಸಬರು ಕರಪತ್ರದಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಹೊಗಳಿ ಮಲಗಿದ್ದಾರೆ. ಬೆಳಿಗ್ಗೆ ಚಹಾದಂಗಡಿಯಲ್ಲಿ ಯಾರಿಗೂ ಬೈಗುಳ ಬಿದ್ದಿಲ್ಲವಾದ್ದರಿಂದ ಯಾರು ಓದಬೇಕೆಂದೇ ತಿಳಿಯಲಿಲ್ಲ. ಪತ್ರಿಕೆ ಮೇಜಿನ ಮೇಲೆ ಲೋಟಗಳ ಕೆಳಗೆ ನೆನೆಯುತ್ತ ಬಿದ್ದಿತ್ತು.

ತಂಗಿ ಅದನ್ನು ಎತ್ತಿಕೊಂಡು, ತನ್ನ ಬಗ್ಗೆ ಬಂದ ಸಾಲನ್ನು ಮತ್ತೆ ಮತ್ತೆ ನೋಡಿ, 'ಅಣ್ಣಾ, ನಾನು ಚೆನ್ನಾಗಿ ಮಾಡಿದ್ನಾ?' ಎಂದಳು. ಚೆನ್ನಾಗಿ ಮಾಡಿದೆ ಎಂದೆ. 'ಮೊದಲ ಸಲವೂ ನೀನು ಹೀಗೇ ಹೇಳಿದ್ದೆ' ಎಂದಳು. ಪತ್ರಿಕೆಯನ್ನು ಮಡಿಸಿಟ್ಟು, 'ಅವರೊಬ್ಬರು ನೋಡಬೇಕಿತ್ತು. ಸಾಯೋಕೆ ಏನು ಅವಸರ ಇತ್ತೋ' ಎಂದಳು.

ಆದ್ದರಿಂದ, ಮಾನ್ಯರೇ, ನನಗೆ ತಮ್ಮ ಮೇಲೆ ಸಿಟ್ಟಿದೆ. ಬೈದದ್ದಕ್ಕಲ್ಲ, ಬೈದು, ಮತ್ತೊಮ್ಮೆ ಬಂದು ಅವಳನ್ನು ನೋಡದೆ ಹೋದದ್ದಕ್ಕೆ. ಆ ಮಾತನ್ನು ಇನ್ನು ನಾನು ಅಳಿಸಿದರೂ ಅಳಿಯದು, ಊರು ಮರೆತರೂ ಅವಳು ಮರೆಯಳು. ಬರೆದವರ ಕೈಯೇ ಅದನ್ನು ಅಳಿಸಬೇಕು. ಬರುವ ಭಾನುವಾರ ಸಂಜೆ ಕೊನೆಯ ಪ್ರದರ್ಶನ. ಈಗ ತಾವಿರುವ ಕಡೆ ರಜೆ ಕೊಡುವ ಅಧಿಕಾರಿ ಯಾರಿದ್ದಾರೋ ಅವರಲ್ಲಿ ಕೇಳಿಕೊಂಡು, ಒಂದು ಸಂಜೆಯ ಮಟ್ಟಿಗೆ ದಯಮಾಡಿಸಬೇಕು. ಎಂದಿನಂತೆ ಸಾಲಿನಲ್ಲಿ ನಿಂತು ಟಿಕೆಟ್ ಕೊಳ್ಳಿ, ಎರಡನೆಯ ಅಂಕಕ್ಕೆ ಕೊನೆಯ ಸಾಲಿಗೆ ಹೋಗಿ, ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಹೊಗಳಬೇಕೆಂಬ ಒತ್ತಾಯವಿಲ್ಲ. ಅವಳು ಈಗಲೂ ಕೊಡೆಯೇ ಎಂದು ತಮಗೆ ಅನ್ನಿಸಿದರೆ ಅದನ್ನೇ ಬರೆಯಿರಿ, ಎದ್ದು ನಿಂತು ಓದಲು ಅವಳು ಸಿದ್ಧಳಿದ್ದಾಳೆ, ಚಹಾ ನನ್ನ ಲೆಕ್ಕಕ್ಕೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ತಾವು ಕೊನೆಯವರೆಗೂ 'ನಿರ್ದೇಶಕರೆಂದು ಕರಪತ್ರದಲ್ಲಿ ನಮೂದಾಗಿರುವವರು' ಎಂದೇ ಕರೆದ ನಾನು

ಮರೆತ ಮಾತು: ಕಳೆದ ಸಲ ಬಂದಾಗ ತಾವು ತಮ್ಮ ಕಪ್ಪು ಕೊಡೆಯನ್ನು ಟಿಕೆಟ್ ಕಿಟಕಿಯ ಪಕ್ಕ ಇಟ್ಟು ಮರೆತು ಹೋದಿರಿ. ಅದು ಈವರೆಗೆ ಆ ಮೂಲೆಯಲ್ಲೇ ನಿಂತಿತ್ತು. ತಮ್ಮ ವರ್ಣನೆ ಕರಾರುವಾಕ್ಕಾಗಿತ್ತೆಂದು ದಿನಾ ನೋಡಿ ಒಪ್ಪಿಕೊಂಡಿದ್ದೇನೆ. ಮೊನ್ನೆ ತಂಗಿ ಅದರ ಹರಿದ ಬಟ್ಟೆಗೆ ಹೊಲಿಗೆ ಹಾಕಿ ತನ್ನ ಕೋಣೆಗೆ ಒಯ್ದಿದ್ದಾಳೆ. ತಮ್ಮ ಮನೆಯವರು ಬಂದು ಕೇಳಿದರೂ ಕೊಡುವುದಿಲ್ಲವಂತೆ. ಬೇಕಾದರೆ ತಾವೇ ಬರಬೇಕಂತೆ, ಅದೂ ನಾಟಕ ಪೂರ್ತಿ ನೋಡಿದ ಮೇಲೆ.