ಸೌದೆ ರಾಶಿಗೆ ಹಾಯಿ ಕಟ್ಟಿದ್ದು

ಕುಮಟೆಯಲ್ಲಿ ಮಳೆಗೆ ಸೌದೆ ಮುಚ್ಚಲು ಬಲ್ಲ ಗಂಡಸು ಒಬ್ಬನಾದರೂ ಇದ್ದರೆ ಅವನು ನಾನೇ ಎಂದು ಆ ವರ್ಷ ಸಾರಿಬಿಟ್ಟೆ. ಇಪ್ಪತ್ತು ವರ್ಷ ಜವಳಿ ಅಂಗಡಿ ನಡೆಸಿದವನು. ಹೆಂಗಸರಿಗೆ ಉಡಿಸಿದ್ದೇನೆ, ಮಕ್ಕಳಿಗೆ ತೊಡಿಸಿದ್ದೇನೆ, ದೇವರಿಗೂ ಶಲ್ಯ ಒದಗಿಸಿದ್ದೇನೆ. ಯಃಕಶ್ಚಿತ್ ಸೌದೆಗೆ ಹೊದಿಸಲು ಬಾರದೇ!

ನಾವು ಮುಂಬಯಿ ಇಲಾಖೆ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ನಾಲ್ಕನೆಯ ಮಳೆಗಾಲ ಅದು. ರಾಜ್ಯ ಬದಲಾದದ್ದನ್ನು ಮಳೆಗೆ ಯಾರೂ ತಿಳಿಸಿರಲಿಲ್ಲ. ಮಗಳು ಮಾದೇವಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಾಣಂತಿ ಮನೆಯೆಂದರೆ ನಲವತ್ತು ದಿನ ಬೆಳಗಾಗುತ್ತಲೇ ಹಂಡೆ ನೀರು ಕುದಿಯಬೇಕು, ಮಂಚದಡಿ ಕೆಂಡ ಇರಬೇಕು. ಹಸಿ ಸೌದೆಯ ಹೊಗೆ ಕೂಸಿಗೆ ಆಗದು. ಅದಕ್ಕೇ ನನ್ನ ಹೆಂಡತಿ ವನಮಾಲಾ ಬೇಸಿಗೆಯಲ್ಲೇ ಆರು ಗಾಡಿ ಸೌದೆ ತರಿಸಿ ಅಂಗಡಿಗೆ ತಾಗಿದ ಅಂಗಳದಲ್ಲಿ ಪೇರಿಸಿಟ್ಟಿದ್ದಳು. ಅದು ಸೌದೆ ರಾಶಿಯಲ್ಲ, ಕೋಟೆ!

ಪ್ರತಿ ವರ್ಷ ಆ ಕೋಟೆಗೆ ಹೊದಿಕೆ ಎಂದರೆ ಹನುಮಕ್ಕ ತೆಂಗಿನ ಮಡಲು ಹೆಣೆದು ತರುವ ತಟ್ಟಿ. ನಮ್ಮಲ್ಲಿ ಬಾಣಂತಿಗೆ ನೀರು ಹಾಕುವವಳೂ ಅವಳೇ. ಈ ಸಲ ತಟ್ಟಿ ಬೇಡ ಎಂದೆ. ತದಡಿ ಬಂದರಿನಲ್ಲಿ ಹಳೆಯ ಮಚವೆ ದೋಣಿಯೊಂದರ ಹಾಯಿ ನೋಡಿ ಬಂದಿದ್ದೆ. ಎಂಥ ಬಟ್ಟೆ! ಎಂಥ ನೇಯ್ಗೆ! ಬೆರಳಲ್ಲಿ ಉಜ್ಜಿ ನೋಡಿದವನಿಗೆ ಕಣ್ಣಲ್ಲಿ ನೀರೇ ಬಂತು. ಗಾಡಿಯ ಮೇಲೆ ಹಾಯಿ ಬಂತು; ಅದನ್ನು ಕಟ್ಟಿಕೊಡಲು ಆ ಮಚವೆಯಲ್ಲೇ ದುಡಿದ ಜಟ್ಟನೂ ಬಂದ.

ಜಟ್ಟ ನಾಲ್ಕೂ ಕಡೆ ನೆಲಕ್ಕೆ ಎಳೆದು ಗೂಟ ಹೊಡೆಯಲು ಹೊರಟ. ನಾನು ಬಿಡಲಿಲ್ಲ. ಮಾಲನ್ನು ಮುಚ್ಚಿಟ್ಟು ಯಾವ ವ್ಯಾಪಾರಿ ಉದ್ಧಾರವಾಗಿದ್ದಾನೆ? ಬೀದಿಯಲ್ಲಿ ಹೋಗುವವರಿಗೆ ಒಣ ಸೌದೆಯ ಸಾಲು ಕಾಣಬೇಕಲ್ಲ. ಬೀದಿ ಇರುವುದು ಪಡುವಣಕ್ಕೆ. ಆ ಬದಿಯನ್ನು ಅಂಗಡಿಯ ಮುಂಗಟ್ಟಿನ ಹಾಗೆ ಆಳೆತ್ತರ ಎತ್ತಿಸಿದೆ.

"ಒಡೆಯಾ, ಪಡುಗಾಳಿಗೆ ಹಾಯಿಯ ಬಾಯಿ ತೆರೆದು ಕೊಡೂದಲ್ಲ," ಎಂದ ಜಟ್ಟ.

"ಇದು ಸೌದೆ ಮಾರಾಯಾ, ಮಚವೆಯಲ್ಲ. ಎಲ್ಲಿಗೆ ಹೋಗ್ತದೆ?"

ಜಟ್ಟ ಹಾಯಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಹಿಂದಿನ ಹಗ್ಗವನ್ನು ನಾನು ತೋರಿಸಿದ ಕಡೆ, ಅಂದರೆ ಬಚ್ಚಲಮನೆಯ ಮಾಡಿನ ಜಂತಿಗೆ ಬಿಗಿದು ಹೋದ.

ಮುಂಗಾರಿನ ಮಿರ್ಗದ ಮಳೆ ಹಿಡಿಯಿತು. ಗಾಳಿಯಿಲ್ಲದ ಸಭ್ಯ ಮಳೆ. ಒಂದು ಹನಿ ಒಳಗೆ ಬೀಳಲಿಲ್ಲ. ನಾನು ದಾರಿಹೋಕರನ್ನೆಲ್ಲ ಕರೆದು ಸೌದೆ ಮುಟ್ಟಿಸಿದೆ, ಒಬ್ಬರಿಗೆ ಮೂಸಿಸಿದೆ ಕೂಡ. ಅಷ್ಟರಲ್ಲಿ ಮಾದೇವಿಗೆ ಗಂಡುಮಗು ಹುಟ್ಟಿತು. ಹಂಡೆ ಕುದಿಯಿತು, ಕೆಂಡ ಉರಿಯಿತು, ನನ್ನ ಮೀಸೆ ಏರಿತು.

ಐದನೆಯ ದಿನ ಬೆಳಿಗ್ಗೆ, ಬಾಣಂತಿಗೆ ಇನ್ನೂ ನೀರು ಹಾಕುವ ಮೊದಲೇ, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಒಂದು ಪಂಚೆ ತುಂಡು ಸುತ್ತಿ ನಾನು ಬಚ್ಚಲಿಗೆ ಹೊಕ್ಕೆ. ಸೌದೆಗೆ ರಾಜ ನಾನು, ಮೊದಲ ಸ್ನಾನ ನನ್ನದೇ ತಾನೇ! ಆಗ ಸಮುದ್ರದ ಕಡೆಯಿಂದ ಗಾಳಿ ಬಂತು. ಹಾಯಿ ತನ್ನ ಪೂರ್ವಾಶ್ರಮವನ್ನು ನೆನೆದು ಬಸುರಿಯ ಹಾಗೆ ಉಬ್ಬಿತು. ಉಬ್ಬಿ ಎದ್ದಿತು. ಎದ್ದದ್ದು ಮಂಗಳೂರಿಗೆ ಹೊರಟಿತು, ಬಚ್ಚಲಿನ ಮಾಡನ್ನೂ ಜೊತೆಗೆ ಕರೆದುಕೊಂಡು! ಹಗ್ಗ ಎಳೆದ ರಭಸಕ್ಕೆ ಬೀದಿ ಕಡೆಯ ತಟ್ಟಿಗೋಡೆಯೂ ಮಲಗಿತು. ಸೌದೆ ಕೋಟೆ ಕುಸಿದು ಕೆಸರಿಗೆ ಬಿತ್ತು. ಹಂಡೆಯ ಬೆಂಕಿ ಮಳೆಗೆ ನಂದಿತು. ಬಾಜಾರದ ನಡುವೆ ಜವಳಿ ವ್ಯಾಪಾರಿಯೊಬ್ಬ, ಪಂಚೆ ತುಂಡೊಂದು ಬಿಟ್ಟರೆ ಬರಿಮೈಯಲ್ಲಿ, ಎಣ್ಣೆ ಹಚ್ಚಿದ ವಿಗ್ರಹದ ಹಾಗೆ ಮಿರಮಿರ ಮಿಂಚುತ್ತ ನಿಂತಿದ್ದ.

ಸರಿಯಾಗಿ ಆಗಲೇ ಹನುಮಕ್ಕ ನೀರು ಹಾಕಲು ಬಂದಳು. "ಒಡೆಯಾ, ಸೌದೆಗೆ ಹೊದೆಸೂಕೆ ಹೋಗಿ ನಿಮ್ಮ ಮೈಮೇಲೆ ಎಂತದೂ ಉಳೀಲಿಲ್ವಲ್ಲ."

ಒಳಗಿನಿಂದ ವನಮಾಲಾ ಓಡಿ ಬಂದಳು. ಮಳೆಯನ್ನು ನೋಡಿದಳು, ಕೆಸರನ್ನು ನೋಡಿದಳು. ನಾನು ಚಳಿಗೆ ನಡುಗುತ್ತ, ಹೊದೆಯಲು ಏನಾದರೂ ಕೊಡೇ ಎಂದೆ.

"ನೀವು ಆಮೇಲೆ. ಮೊದಲು ಸೌದೆ ಎತ್ತಿ. ಒಳಗೆ ಕೂಸು ತಣ್ಣಗಾಗ್ತದೆ."

"ಎತ್ತಿ ಎಲ್ಲಿಡೂದು?"

"ನೆನೆಯದ ಜಾಗ ಈ ಮನೇಲಿ ಒಂದೇ ಅದೆ."

ಹನುಮಕ್ಕ ತನ್ನ ಮನೆಗೆ ಹೋಗಿ, ಮಡಲಿನಡಿ ಬೆಚ್ಚಗಿದ್ದ ಸೌದೆಯ ಹೊರೆಯೊಂದನ್ನು ತಂದಳು. ಅಡಿಗೆ ಒಲೆಯ ಮೇಲೆಯೇ ನೀರು ಕಾಯಿಸಿ ತಾಯಿ ಮಗುವಿಗೆ ಸ್ನಾನ ಮಾಡಿಸಿದಳು. ಆ ಹೊತ್ತಿಗೆ ನಾನು, ಎಣ್ಣೆ ಮೈಗೆ ಕೆಸರು ಮೆತ್ತಿಕೊಂಡು, ಆರು ಗಾಡಿ ಸೌದೆಯನ್ನು ನನ್ನದೇ ಜವಳಿ ಅಂಗಡಿಗೆ ಹೊರುತ್ತಿದ್ದೆ. ಸೀರೆಗಳ ಕಪಾಟಿಗೆ ಒರಗಿ ಒಂದು ಸಾಲು, ಧೋತರದ ಮೂಟೆಗಳನ್ನು ಮೂಲೆಗೆ ನೂಕಿ ಎರಡು ಸಾಲು. ನನ್ನ ಗಾದಿ ಇದ್ದಲ್ಲಿ ಸೌದೆಯ ದಪ್ಪ ಕುಂಟೆಗಳು ಕಾಲು ಚಾಚಿ ಮಲಗಿದವು.

ಎಂಟು ದಿನದಲ್ಲಿ ಹೊನ್ನಾವರದ ನಮ್ಮ ಹಳೆಯ ಗಿರಾಕಿ ಹರಿಹರ ಬಂದ. ಸೌದೆಯ ಸಂದಿಯಲ್ಲಿ ಕೂತಿದ್ದ ನನ್ನನ್ನು ಹುಡುಕಿ ತೆಗೆದು, ಜವಳಿ ಬಿಟ್ಟು ಸೌದೆ ವ್ಯಾಪಾರಕ್ಕೆ ಇಳಿದೆಯೇನೋ ಎಂದು ಕನಿಕರದಿಂದ ಕೇಳಿದ. ಒಂದು ತುಂಡು ಎತ್ತಿ ಬಡಿದು ನೋಡಿ, ಚೆನ್ನಾಗಿ ಒಣಗಿದೆ, ಒಂದು ಗಾಡಿ ತನಗೆ ಬೇಕು ಎಂದ. ಕಸುಬಿನ ಚಪಲ ನೋಡಿ, ನಾನು ದರ ಹೇಳಲು ಬಾಯಿ ತೆರೆದೇಬಿಟ್ಟೆ.

ಪರದೆಯ ಹಿಂದಿನಿಂದ ವನಮಾಲಾಳ ದನಿ ಬಂತು:

"ಅದು ಬಾಣಂತಿ ಸೌದೆ, ಮಾರೂದಲ್ಲ. ಜವಳಿ ಬೇಕಾದ್ರೆ ಎಷ್ಟಾದ್ರೂ ಹೊತ್ಕಂಡು ಹೋಗಿ. ಜಾಗ ಆದ್ರೂ ಆಗ್ತದೆ."